ಗಡಿನಾಡಿನಿಂದ ವ್ಯವಹಾರ ಮತ್ತು ಪ್ರವಾಸೋದ್ಯಮ ನಿರ್ವಹಣೆಯ ಪದವಿಗೆ: ಅರ್ಜಿಯಿಂದ ಇಂಟರ್ನ್‌ಶಿಪ್‌ವರೆಗೆ ಹಂತ ಹಂತವಾಗಿ

ಪ್ಲಸ್ ಟು (ಹನ್ನೆರಡನೆಯ ತರಗತಿ) ಫಲಿತಾಂಶ ಬಂದ ವಾರದಲ್ಲಿ, ಕರ್ನಾಟಕದ ಗಡಿಗೆ ತಾಗಿದ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಮಕ್ಕಳೂ ಅವರ ಹೆತ್ತವರೂ ನನ್ನಲ್ಲಿ ಕೇಳುವ ಪ್ರಶ್ನೆ ಪ್ರತಿವರ್ಷವೂ ಒಂದೇ: ಟೂರಿಸಂ ಕಲಿಯಲು ಯಾವ ಕಾಲೇಜು ಒಳ್ಳೆಯದು? ಕೇಳಬಾರದ ಪ್ರಶ್ನೆಯೇನೂ ಇದಲ್ಲ. ಆದರೆ ಇದರ ಸ್ಥಾನ ಐದನೆಯ ಹಂತದಲ್ಲಿದೆ. ಮೊದಲ ನಾಲ್ಕನ್ನು ಹಾರಿ ಬಂದವರು ಜುಲೈ ತಿಂಗಳಲ್ಲಿ ಪ್ರಮಾಣಪತ್ರಕ್ಕಾಗಿ ಅಲೆಯುವುದನ್ನೂ, ಬರೆದ ಪರೀಕ್ಷೆ ಬೇರೆ, ಸೇರಬೇಕೆಂದಿದ್ದ ಕೋರ್ಸಿಗೆ ಬೇಕಾದ ಪರೀಕ್ಷೆ ಬೇರೆ ಎಂದು ತಿಳಿದು ಒಂದು ವರ್ಷ ಕಳೆದುಕೊಳ್ಳುವುದನ್ನೂ ನೋಡಿದ್ದೇನೆ. ಗಡಿಯಲ್ಲಿರುವ ನಮಗೆ ಎರಡು ರಾಜ್ಯಗಳ ಬಾಗಿಲೂ ಕಾಣುತ್ತದೆ. ಎರಡರ ನಿಯಮಗಳೂ ಬೇರೆ ಬೇರೆಯಾಗಿರುವುದರಿಂದ ಮುಗ್ಗರಿಸುವುದಕ್ಕೂ ಅವಕಾಶ ಎರಡರಷ್ಟಿದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಮಾಡಬೇಕು.

ಮೊದಲು ಕೈಯಲ್ಲಿರಬೇಕಾದವು

ಒಂದು ನೂರು ಪುಟದ ನೋಟ್‌ಬುಕ್, ವಿದ್ಯಾರ್ಥಿಯ ಸ್ವಂತ ಹೆಸರಿನಲ್ಲಿರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸ, ಡಿಜಿಲಾಕರ್ ಖಾತೆ, ಅದರ ಮೂಲಕ ತೆರೆದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಪಾಸಾದ ಪಾಠಗಳಿಗೆ ಸಿಗುವ ಕ್ರೆಡಿಟ್ ಎಂಬ ಎಣಿಕೆಯನ್ನು ಕೂಡಿಡುವ ಖಾತೆ) ಗುರುತಿನ ಸಂಖ್ಯೆ, ಮತ್ತು ವಿದ್ಯಾರ್ಥಿಯ ಹೆಸರಿನ ಬ್ಯಾಂಕ್ ಖಾತೆ. ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವುದರಲ್ಲಿ ತಪ್ಪಿಲ್ಲ; ಆದರೆ ಅಲ್ಲಿನವರ ಮೊಬೈಲ್ ಸಂಖ್ಯೆಯನ್ನು ಅರ್ಜಿಗೆ ಕೊಡಬಾರದು. ಅಲೋಟ್‌ಮೆಂಟಿನ, ಎಂದರೆ ಸೀಟು ಹಂಚಿಕೆಯ, ಸಂದೇಶ ಆ ಸಂಖ್ಯೆಗೆ ಹೋಗಿ, ಅದನ್ನು ಯಾರೂ ನೋಡದೆ, ಶುಲ್ಕ ಕಟ್ಟುವ ದಿನ ದಾಟಿ ಹೋದದ್ದು ಒಂದೆರಡು ಸಲವಲ್ಲ.

ಹಂತ 1: ಪದವಿಯ ಹೆಸರನ್ನು ಬಿಡಿಸಿ ಓದಿ

ಪ್ರವಾಸೋದ್ಯಮ ಎಂಬ ಒಂದು ಮಾತಿನ ಕೆಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಓದುಗಳಿವೆ, ಮತ್ತು ಅವುಗಳನ್ನು ಒಂದೇ ಎಂದು ತಿಳಿಯುವುದು ಮೊದಲ ದೊಡ್ಡ ತಪ್ಪು.

ಬಿಬಿಎ ಎಂಬುದು ವ್ಯವಹಾರ ನಿರ್ವಹಣೆಯ ಪದವಿ. ಲೆಕ್ಕಶಾಸ್ತ್ರ, ಮಾರಾಟ, ಹಣಕಾಸು, ಸಿಬ್ಬಂದಿ ನಿರ್ವಹಣೆ ಇದರ ಮೈ. ಪ್ರವಾಸೋದ್ಯಮವು ಅದರೊಳಗೆ ವಿಶೇಷ ವಿಷಯವಾಗಿ ಬರಬಹುದು. ಕೇರಳದಲ್ಲಿ ಬಿಟಿಟಿಎಂ ಎಂದು ಕರೆಯುವ ಪದವಿಯಲ್ಲಿ ಪ್ರವಾಸೋದ್ಯಮವೇ ಮುಖ್ಯ. ಟಿಕೆಟಿಂಗ್, ಪ್ರವಾಸ ಯೋಜನೆ, ಪ್ರವಾಸಿ ತಾಣಗಳ ಭೂಗೋಳ, ವಿಮಾನ ಪ್ರಯಾಣದ ದರಗಳು ಮೊದಲಾದವುಗಳ ಜೊತೆಗೆ ನಿರ್ವಹಣೆಯ ಪಾಠಗಳು ಬರುತ್ತವೆ. ಮೂರನೆಯದು ಬಿಕಾಂ ಪದವಿಯಲ್ಲಿ ಪ್ರವಾಸೋದ್ಯಮವನ್ನು ಐಚ್ಛಿಕವಾಗಿ ತೆಗೆದುಕೊಳ್ಳುವುದು. ನಾಲ್ಕನೆಯದು ಹೋಟೆಲ್ ಮ್ಯಾನೇಜ್‌ಮೆಂಟ್. ಅಡುಗೆಮನೆ, ಊಟ ಬಡಿಸುವ ವಿಭಾಗ, ಕೊಠಡಿಗಳ ನಿರ್ವಹಣೆ, ಸ್ವಾಗತ ಮೇಜು ಇವು ಅದರ ಹೃದಯ. ಸರಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಎನ್‌ಸಿಎಚ್‌ಎಂ ಜೆಇಇ ಎಂಬ ಪ್ರತ್ಯೇಕ ಪ್ರವೇಶ ಪರೀಕ್ಷೆಯೇ ಇದೆ.

ಟ್ರಾವೆಲ್ ಏಜೆನ್ಸಿ ತೆರೆಯಬೇಕೆಂದಿರುವ ಹುಡುಗ ಹೋಟೆಲ್ ಮ್ಯಾನೇಜ್‌ಮೆಂಟಿಗೆ ಸೇರಿ ಎರಡನೆಯ ಸೆಮಿಸ್ಟರಿನಲ್ಲಿ ಈರುಳ್ಳಿ ಹೆಚ್ಚುತ್ತಾ ಕಂಗಾಲಾಗುವುದು ಇಲ್ಲಿ ಮಾಡಿದ ತಪ್ಪಿನ ಫಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಓದು ಮುಗಿದ ಮೇಲೆ ಮಾಡಬೇಕೆಂದಿರುವ ಮೂರು ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಮೇಲಿನ ನಾಲ್ಕರಲ್ಲಿ ಯಾವುದು ಹತ್ತಿರ ಎಂದು ಗುರುತು ಹಾಕಿ. ಕೆಲಸ ಯಾವ ಸಂಸ್ಥೆಯಲ್ಲಾದರೂ ಇರಲಿ ಎನ್ನುವವರಿಗೆ ಬಿಬಿಎ ಅಥವಾ ಬಿಕಾಂ ಹೆಚ್ಚು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಪ್ರವಾಸೋದ್ಯಮದ ಎಂಬಿಎ ಮಾಡಲು ಪ್ರವಾಸೋದ್ಯಮದಲ್ಲಿಯೇ ಪದವಿ ಇರಬೇಕೆಂದು ಸಾಮಾನ್ಯವಾಗಿ ಕೇಳುವುದಿಲ್ಲ, ಯಾವುದೇ ಪದವಿಯಲ್ಲಿ ಶೇ. 50 ಅಂಕ, ಮೀಸಲಾತಿಯವರಿಗೆ ಶೇ. 45, ಇದ್ದರೆ ಸಾಕಾಗುತ್ತದೆ.

ಹಂತ 2: ಗಡಿಯ ಯಾವ ಬದಿ ಎಂದು ತೀರ್ಮಾನಿಸಿ

ನಿಮ್ಮ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು ಕೇರಳದ ರಾಜ್ಯ ವಿಶ್ವವಿದ್ಯಾಲಯ. 1996ರಲ್ಲಿ ಸ್ಥಾಪನೆಯಾದ ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಕಾಸರಗೋಡು ಜಿಲ್ಲೆ ಇದೆ. 2024-25ರಿಂದ ಇಲ್ಲಿ ನಾಲ್ಕು ವರ್ಷಗಳ ಪದವಿ ಕ್ರಮ ಜಾರಿಯಲ್ಲಿದೆ: ಮೂರು ವರ್ಷ ಓದಿ 133 ಕ್ರೆಡಿಟ್‌ಗಳೊಂದಿಗೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯ ವರ್ಷವನ್ನೂ ಮುಗಿಸಿ 177 ಕ್ರೆಡಿಟ್ ಗಳಿಸಿದರೆ ಆನರ್ಸ್ ದೊರೆಯುತ್ತದೆ.

ಎರಡನೆಯದು ಕರ್ನಾಟಕ, ಎಂದರೆ ನಮ್ಮ ಮಟ್ಟಿಗೆ ಬಹುಪಾಲು ಮಂಗಳೂರು. ಅಲ್ಲಿ 2024-25ರಿಂದ ಪದವಿಯನ್ನು ಮತ್ತೆ ಮೂರು ವರ್ಷಗಳ ಕ್ರಮಕ್ಕೆ ತರಲಾಗಿದೆ. ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಯುಯುಸಿಎಂಎಸ್ ಎಂಬ ಜಾಲತಾಣದ ಮೂಲಕ ನಡೆಯುತ್ತದೆ. ಮಂಜೇಶ್ವರದವರಿಗೆ ಗಡಿಯ ತಲಪಾಡಿ ದಾಟಿದರೆ ಮಂಗಳೂರು. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರು.

ಮೂರನೆಯದು ಕೇಂದ್ರದ ಸಂಸ್ಥೆಗಳು. ನಮ್ಮ ಜಿಲ್ಲೆಯ ಪೆರಿಯದಲ್ಲಿಯೇ 2009ರಲ್ಲಿ ಆರಂಭವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣೆಯಲ್ಲಿ ಎಂಬಿಎ ಇದೆ. ಹೀಗಿದ್ದರೂ ಕುಂಬಳೆಯ ಎಷ್ಟೋ ಮಕ್ಕಳಿಗೆ ಪೆರಿಯಕ್ಕಿಂತ ಬೆಂಗಳೂರೇ ಹೆಚ್ಚು ಪರಿಚಿತ. ಪುದುಚೇರಿ ವಿಶ್ವವಿದ್ಯಾಲಯದಲ್ಲಿಯೂ ಇಂಥದೇ ಎಂಬಿಎ ಇದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ 1983ರಿಂದ ನಡೆಯುತ್ತಿರುವ ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆಯು ಗ್ವಾಲಿಯರ್‌ನಲ್ಲಿದ್ದು, ಗೋವಾ ಮತ್ತು ನೆಲ್ಲೂರಿನಲ್ಲಿ ಅದರ ಶಾಖೆಗಳಿವೆ. ರಾಜ್ಯ ಸರಕಾರದ ಪ್ರವಾಸೋದ್ಯಮ ಇಲಾಖೆಯ ಕಿಟ್ಸ್ ಸಂಸ್ಥೆ ತಿರುವನಂತಪುರದ ತೈಕ್ಕಾಡಿನಲ್ಲಿದೆ. ಅದು ಕೇಂದ್ರದ್ದಲ್ಲ, ಆದರೆ ಇದೇ ವಿಷಯಕ್ಕೆ ಮೀಸಲಾದುದರಿಂದ ಪಟ್ಟಿಯಲ್ಲಿರಲಿ.

ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮೀಸಲಾತಿ ಗಡಿ ದಾಟುತ್ತದೆ ಎಂದು ನಂಬುವುದು. ಒಂದು ಸಮುದಾಯ ಎರಡೂ ರಾಜ್ಯಗಳ ಪಟ್ಟಿಯಲ್ಲಿದ್ದರೂ, ಕೇರಳದ ನಿವಾಸಿಗೆ ಕೇರಳದ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದಿಂದ ಕರ್ನಾಟಕದ ರಾಜ್ಯ ಮೀಸಲಾತಿ ಸಿಗುವುದಿಲ್ಲ. ಅಲ್ಲಿ ಅವರು ಸಾಮಾನ್ಯ ವರ್ಗದವರು. ಹೀಗಾಗಿ ಮಂಗಳೂರಿನ ಶುಲ್ಕವನ್ನು ಲೆಕ್ಕ ಹಾಕುವಾಗ ವಿದ್ಯಾರ್ಥಿವೇತನದ ಅಂಕಣವನ್ನು ಖಾಲಿ ಬಿಟ್ಟು ಕೂಡಿಸಿ ನೋಡುವುದೇ ಸರಿ. ಕೇರಳದ ಇ-ಗ್ರಾಂಟ್ಸ್ ವಿದ್ಯಾರ್ಥಿವೇತನ ಸೌಲಭ್ಯ ಕೇರಳದ ಕಾಲೇಜಿನಲ್ಲಿ ಓದುವಾಗ ಎಷ್ಟು ಹೊರೆ ಇಳಿಸುತ್ತದೆ ಎಂಬುದನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಎಷ್ಟೋ ಮನೆಗಳಲ್ಲಿ ಈ ಒಂದು ಪುಟ ಬರೆದ ಮೇಲೆ ತೀರ್ಮಾನ ತಾನಾಗಿಯೇ ಬದಲಾಗುತ್ತದೆ.

ಇದಕ್ಕೆ ಎದುರಾಗಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆಂದು ಒಂದು ಅರ್ಹತಾ ಅವಕಾಶವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಂತಹ ಗಡಿ ಪ್ರದೇಶಗಳ ನಿವಾಸಿಯಾಗಿ, ಅಲ್ಲಿಯೇ ನಿಗದಿತ ವರ್ಷ ಓದಿದವರು ಇದರಡಿಯಲ್ಲಿ ಅರ್ಜಿ ಹಾಕಬಹುದು. ಇದು ಅರ್ಹತೆಯನ್ನು ಕೊಡುತ್ತದೆ, ಸೀಟನ್ನು ಕೊಡುವುದಿಲ್ಲ. ಕನ್ನಡ ಭಾಷಾ ಪರೀಕ್ಷೆಗೂ ಹಾಜರಾಗಬೇಕಾಗುತ್ತದೆ. ಸರಕಾರಿ ಕೋಟಾದ ಎಂಬಿಎಗೆ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯುವವರು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಈ ನಿಯಮವನ್ನು ಓದಿಯೇ ಮುಂದುವರಿಯಬೇಕು.

ಹಂತ 3: ಕಾಗದಪತ್ರಗಳು

ಈ ಹಂತವನ್ನು ಫೆಬ್ರವರಿಯಲ್ಲಿ ಆರಂಭಿಸಬೇಕು. ಫಲಿತಾಂಶ ಬಂದ ಮೇಲೆ ವಿಲೇಜ್ ಆಫೀಸಿನ (ಗ್ರಾಮದ ಕಂದಾಯ ಕಚೇರಿ) ಮುಂದೆ ಊರಿಗೆ ಊರೇ ನಿಂತಿರುತ್ತದೆ.

ಮೊದಲ ಕೆಲಸ ಹೆಸರನ್ನು ಹೊಂದಿಸುವುದು. ನಮ್ಮ ಕಡೆಯ ಹೆಸರುಗಳು ಕನ್ನಡದಲ್ಲಿ ಒಂದು ಬಗೆ, ಮಲಯಾಳದಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಮತ್ತೊಂದು ಬಗೆಯಾಗಿ ದಾಖಲಾಗಿರುತ್ತವೆ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಮನೆಯ ಅಥವಾ ಊರಿನ ಮೊದಲಕ್ಷರ ಹೆಸರಿನ ಹಿಂದೆ ಇರುತ್ತದೆ, ಆಧಾರಿನಲ್ಲಿ ತಂದೆಯ ಹೆಸರು ಹೆಸರಿನ ಮುಂದೆ ಬಂದಿರುತ್ತದೆ, ಬ್ಯಾಂಕಿನಲ್ಲಿ ಎರಡೂ ಇಲ್ಲ. ರಾಷ್ಟ್ರೀಯ ಮಟ್ಟದ ಪ್ರವೇಶ ಪರೀಕ್ಷೆಗಳಿಗೆ ಹತ್ತನೆಯ ತರಗತಿಯ ದಾಖಲೆಯೇ ಆಧಾರ. ಆದ್ದರಿಂದ ಎಸ್‌ಎಸ್‌ಎಲ್‌ಸಿ ಪುಸ್ತಕವನ್ನು ಮುಂದಿಟ್ಟುಕೊಂಡು ಉಳಿದ ಎಲ್ಲವನ್ನೂ ಅದಕ್ಕೆ ಸರಿಹೊಂದಿಸಿಕೊಳ್ಳಿ.

ಎರಡನೆಯದಾಗಿ, ಕೇರಳದ ಇ-ಡಿಸ್ಟ್ರಿಕ್ಟ್ ವ್ಯವಸ್ಥೆಯ ಮೂಲಕ ನಿವಾಸ, ಆದಾಯ ಮತ್ತು ಜಾತಿ ಪ್ರಮಾಣಪತ್ರಗಳಿಗೆ ಅರ್ಜಿ ಹಾಕಿ. ಇಲ್ಲಿ ಬಹಳ ಮಂದಿ ಬೀಳುವ ಹೊಂಡವೆಂದರೆ ಹಿಂದುಳಿದ ವರ್ಗದವರ ನಾನ್ ಕ್ರೀಮಿ ಲೇಯರ್, ಎಂದರೆ ಅವರಲ್ಲಿ ಸ್ಥಿತಿವಂತರಲ್ಲ ಎಂಬ, ಪ್ರಮಾಣಪತ್ರ. ರಾಜ್ಯದ ಕಾಲೇಜಿಗೆ ರಾಜ್ಯದ ನಮೂನೆ, ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ನಮೂನೆ. ಒಂದನ್ನು ಇನ್ನೊಂದರ ಬದಲಿಗೆ ಒಪ್ಪುವುದಿಲ್ಲ. ಕೇಂದ್ರದ ನಮೂನೆಯಲ್ಲಿಯೂ ಆ ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್ 1ರ ಬಳಿಕ, ಪಡೆದದ್ದನ್ನು ಕೇಳುವುದು ರೂಢಿ. ಅಷ್ಟೇ ಅಲ್ಲದೆ, ರಾಜ್ಯದ ಪಟ್ಟಿಯಲ್ಲಿರುವ ಸಮುದಾಯ ಕೇಂದ್ರದ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ವಿಲೇಜ್ ಆಫೀಸಿಗೆ ಹೋಗುವ ಮೊದಲೇ ಎರಡೂ ಪಟ್ಟಿಗಳನ್ನು ನೋಡಿಕೊಳ್ಳಿ.

ಮೂರನೆಯದು ಭಾಷಾ ಅಲ್ಪಸಂಖ್ಯಾತ ಪ್ರಮಾಣಪತ್ರ. ಇದನ್ನು ಸಿಕ್ಕಿದರೆ ಸಿಗಲಿ ಎಂಬ ಉಡಾಫೆಯಿಂದ ನೋಡುವವರೇ ಹೆಚ್ಚು. ನೀವು ಅರ್ಜಿ ಹಾಕುವ ಪ್ರತಿಯೊಂದು ಪ್ರಾಸ್ಪೆಕ್ಟಸ್‌ನಲ್ಲಿಯೂ ಭಾಷಾ ಅಲ್ಪಸಂಖ್ಯಾತರ ಬಗ್ಗೆ ಇರುವ ಸಾಲುಗಳನ್ನು ಹುಡುಕಿ. ಸೌಲಭ್ಯವಿದ್ದರೆ ಯಾವ ಅಧಿಕಾರಿಯ ಸಹಿ ಬೇಕು ಎಂಬುದನ್ನು ಬರೆದುಕೊಂಡು ಅದೇ ಪ್ರಕಾರ ಪಡೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರಿಂದ ಒಂದು ಪತ್ರವನ್ನೂ ಪಡೆದಿಡಿ. ಮೇಲೆ ಹೇಳಿದ ಗಡಿನಾಡು ಅರ್ಹತೆಗೂ ಓದಿದ ಶಾಲೆಯ ದಾಖಲೆ ಬೇಕಾಗುತ್ತದೆ.

ಕರ್ನಾಟಕದಲ್ಲಿ ಪಿಯುಸಿ ಓದಿ ಕೇರಳಕ್ಕೆ ಮರಳುವವರು, ಅಥವಾ ಮಂಗಳೂರಿನಲ್ಲಿ ಪದವಿ ಮಾಡಿ ಕಣ್ಣೂರಿನಲ್ಲಿ ಮುಂದೆ ಓದಲಿರುವವರು, ಮೈಗ್ರೇಷನ್ (ಬೇರೆ ಮಂಡಳಿ ಅಥವಾ ವಿಶ್ವವಿದ್ಯಾಲಯಕ್ಕೆ ಹೋಗಲು) ಮತ್ತು ತತ್ಸಮಾನತೆಯ (ಅಲ್ಲಿನ ಓದು ಇಲ್ಲಿಯದಕ್ಕೆ ಸಮ ಎಂಬ) ಪ್ರಮಾಣಪತ್ರಗಳ ಬಗ್ಗೆ ಅಂಕಪಟ್ಟಿ ಕೈಗೆ ಬಂದ ದಿನವೇ ವಿಚಾರಿಸಬೇಕು. ಇದಕ್ಕೆ ವಾರಗಳೇ ಹಿಡಿಯುತ್ತವೆ.

ಹಂತ 4: ಸರಿಯಾದ ಪರೀಕ್ಷೆ, ಸರಿಯಾದ ಅರ್ಜಿ

ಕಣ್ಣೂರು ವಿಶ್ವವಿದ್ಯಾಲಯದ ಪದವಿ ಪ್ರವೇಶ ಏಕಗವಾಕ್ಷಿ ಕ್ರಮದಲ್ಲಿ, ಎಂದರೆ ಎಲ್ಲ ಕಾಲೇಜುಗಳಿಗೂ ಒಂದೇ ಅರ್ಜಿಯಲ್ಲಿ, ಪ್ಲಸ್ ಟು ಅಂಕಗಳ ಮೇಲೆ ನಡೆಯುತ್ತದೆ. ಕಾಲೇಜು ಮತ್ತು ಕೋರ್ಸುಗಳ ಆಯ್ಕೆಯನ್ನು ಇಷ್ಟದ ಕ್ರಮದಲ್ಲಿಯೇ ತುಂಬಬೇಕು. ಸಿಗುವ ಸಾಧ್ಯತೆ ಹೆಚ್ಚಿದೆ ಎಂದು ಮೂರನೆಯ ಇಷ್ಟವನ್ನು ಮೊದಲು ಬರೆದರೆ ಅದೇ ಸಿಗುತ್ತದೆ. ಮೇಲಿನ ಆಯ್ಕೆ ಸಿಕ್ಕಿದ ಮೇಲೆ ಕೆಳಗಿನವುಗಳನ್ನು ಯಂತ್ರ ನೋಡುವುದೇ ಇಲ್ಲ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ಪದವಿ ಮಟ್ಟದ ಸಿಯುಇಟಿಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಅವುಗಳಲ್ಲಿ ಒಂದು. ಈ ಮಾತು ಕೇಳಿ ಹಿಗ್ಗಿ ಕನ್ನಡವನ್ನು ಮಾಧ್ಯಮವಾಗಿ ಆರಿಸುವ ಮುನ್ನ ಒಂದು ಕೆಲಸ ಮಾಡಿ: ಹಿಂದಿನ ಪ್ರಶ್ನೆಪತ್ರಿಕೆಯೊಂದನ್ನು ಕನ್ನಡದಲ್ಲಿ ಓದಿ. ಪ್ಲಸ್ ಟುವಿನಲ್ಲಿ ಲೆಕ್ಕಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತವರಿಗೆ ಡೆಪ್ರಿಸಿಯೇಷನ್ ಗೊತ್ತಿರುತ್ತದೆ, ಸವಕಳಿ ಗೊತ್ತಿರುವುದಿಲ್ಲ. ಯಾವ ಭಾಷೆಯಲ್ಲಿ ವಿಷಯ ಕಲಿತಿದ್ದೀರೋ ಅದರಲ್ಲಿಯೇ ಬರೆಯುವುದು ಒಳ್ಳೆಯದು. ಸ್ನಾತಕೋತ್ತರ ಮಟ್ಟದ ಪರೀಕ್ಷೆಗೆ ಈ ಅನುಕೂಲವಿಲ್ಲ. ಅಲ್ಲಿ ಇಂಗ್ಲಿಷ್ ಅಥವಾ ಹಿಂದಿ ಬಾರದೆ ನಡೆಯದು.

ಸಿಯುಇಟಿ ಬರೆಯುವವರಲ್ಲಿ ಪ್ರತಿವರ್ಷ ಮರುಕಳಿಸುವ ಅನಾಹುತವೊಂದಿದೆ. ಪರೀಕ್ಷೆಗೆ ನೋಂದಾಯಿಸುವುದು ಒಂದು ಅರ್ಜಿ. ಫಲಿತಾಂಶ ಬಂದ ಮೇಲೆ ಆಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರವೇಶಕ್ಕೆ ನೋಂದಾಯಿಸುವುದು ಇನ್ನೊಂದು ಅರ್ಜಿ. ಎರಡನೆಯದನ್ನು ಮಾಡದವರ ಅಂಕ ಎಷ್ಟೇ ಚೆನ್ನಾಗಿದ್ದರೂ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ. ಪ್ರಶ್ನೆಪತ್ರಿಕೆಯ ಸಂಕೇತವನ್ನು (ಪೇಪರ್ ಕೋಡ್) ಕೂಡ ವಿಶ್ವವಿದ್ಯಾಲಯ ಆ ಕೋರ್ಸಿಗೆ ಹೇಳಿರುವುದನ್ನೇ ನೋಡಿ ಆರಿಸಬೇಕು. ಗೆಳೆಯ ಆರಿಸಿದ ಎಂದು ಆರಿಸಿದರೆ ಪರೀಕ್ಷೆ ಬರೆದದ್ದು ವ್ಯರ್ಥ.

ಇನ್ನು ಎಂಬಿಎಗೆ ಹೋಗುವವರು ಜಾಗ್ರತೆ ವಹಿಸಬೇಕಾದ ಹೆಸರು ಕೆಮ್ಯಾಟ್. ಈ ಹೆಸರಿನಲ್ಲಿ ಎರಡು ಪರೀಕ್ಷೆಗಳಿವೆ. ಕೇರಳದ ಕೆಮ್ಯಾಟನ್ನು ರಾಜ್ಯದ ಪ್ರವೇಶ ಪರೀಕ್ಷಾ ಆಯುಕ್ತರು ನಡೆಸುತ್ತಾರೆ. ಕರ್ನಾಟಕದ ಕೆಮ್ಯಾಟನ್ನು ಅಲ್ಲಿನ ಖಾಸಗಿ ಸ್ನಾತಕೋತ್ತರ ಕಾಲೇಜುಗಳ ಸಂಘ ನಡೆಸುತ್ತದೆ. ಒಂದರ ಅಂಕ ಇನ್ನೊಂದು ರಾಜ್ಯದಲ್ಲಿ ಉಪಯೋಗಕ್ಕೆ ಬರುತ್ತದೆಂದು ಭಾವಿಸಬಾರದು. ಗಡಿಯ ಈಚೆಗಿದ್ದುಕೊಂಡು ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಕಾಣುವ ಕೊಂಡಿಗೆ ಹಣ ಕಟ್ಟುವವರು ಇಲ್ಲಿ ಮೋಸ ಹೋಗುತ್ತಾರೆ. ಮೋಸ ಮಾಡಿದವರು ಯಾರೂ ಇರುವುದಿಲ್ಲ. ಕೇರಳದ ಕೆಮ್ಯಾಟ್‌ನಲ್ಲಿ 180 ಪ್ರಶ್ನೆಗಳಿಗೆ 720 ಅಂಕ, ಎರಡೂವರೆ ಗಂಟೆಯ ಅವಧಿ. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಇಂಗ್ಲಿಷಿಗೆ 50, ಗಣಿತಕ್ಕೆ 50, ತರ್ಕಕ್ಕೆ 40, ಸಾಮಾನ್ಯ ಜ್ಞಾನಕ್ಕೆ 40 ಪ್ರಶ್ನೆಗಳು. ಒಂದು ಪ್ರಶ್ನೆಗೆ ಒಂದು ನಿಮಿಷವೂ ಪೂರ್ತಿ ಸಿಗುವುದಿಲ್ಲವಾದುದರಿಂದ ಗಡಿಯಾರ ಇಟ್ಟುಕೊಳ್ಳದೆ ಮಾಡಿದ ಅಭ್ಯಾಸ ಅಭ್ಯಾಸವೇ ಅಲ್ಲ. ಕಿಟ್ಸ್‌ನ ಎಂಬಿಎಗೆ ಕೆಮ್ಯಾಟ್, ಸಿಮ್ಯಾಟ್, ಕ್ಯಾಟ್ ಈ ಪ್ರವೇಶ ಪರೀಕ್ಷೆಗಳಲ್ಲಿ ಒಂದರ ಅಂಕ ಬೇಕಾಗುತ್ತದೆ.

ಹಂತ 5: ಕಾಲೇಜನ್ನು ಪರೀಕ್ಷಿಸುವುದು

ಈಗ ಬಂತು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಕಾಲೇಜಿಗೆ ಒಂದು ಕೆಲಸದ ದಿನ ಹೋಗಿ, ಸ್ವಾಗತ ಕೊಠಡಿಯಲ್ಲಿ ಕೊಡುವ ಬಣ್ಣದ ಪುಸ್ತಿಕೆಯನ್ನು ಚೀಲಕ್ಕೆ ಹಾಕಿ, ಗ್ರಂಥಾಲಯವನ್ನೂ ಕಂಪ್ಯೂಟರ್ ಕೊಠಡಿಯನ್ನೂ ನೋಡಬೇಕು. ಅಮೇಡಿಯಸ್ ಅಥವಾ ಗೆಲಿಲಿಯೋದಂತಹ ಟಿಕೆಟಿಂಗ್ ತಂತ್ರಾಂಶವನ್ನು ವಿದ್ಯಾರ್ಥಿಗಳು ಸ್ವತಃ ಬಳಸುತ್ತಾರೆಯೇ, ಗೋಡೆಯ ಫಲಕದಲ್ಲಿ ಮಾತ್ರ ಅದರ ಹೆಸರಿದೆಯೇ ಎಂಬುದನ್ನು ಮೂರನೆಯ ವರ್ಷದ ಒಬ್ಬ ವಿದ್ಯಾರ್ಥಿಯಲ್ಲಿ ಕೇಳಿ.

2024-25ರಿಂದ ಬಿಬಿಎ ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ವ್ಯಾಪ್ತಿಗೆ ಬಂದಿವೆ. ಆದುದರಿಂದ ಬಿಬಿಎ ನಡೆಸುವ ಕಾಲೇಜಿನಲ್ಲಿ ವಿಶ್ವವಿದ್ಯಾಲಯದ ಸಂಯೋಜನೆಯ ಪತ್ರ ಮತ್ತು ಎಐಸಿಟಿಇ ಅನುಮೋದನೆಯ ಪತ್ರ ಎರಡನ್ನೂ ಕೇಳಬೇಕು.

ಎಚ್ಚರಿಕೆಯ ಲಕ್ಷಣಗಳು ಇವು: ಪದವಿಯನ್ನು ಯಾವ ವಿಶ್ವವಿದ್ಯಾಲಯ ಕೊಡುತ್ತದೆ ಎಂದು ಕೇಳಿದಾಗ ನೇರವಾಗಿ ಹೇಳದೆ ಉದ್ಯೋಗದ ಮಾತು ಎತ್ತುವುದು, ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ ಎಂಬ ಅವಸರ, ಮೂಲ ಅಂಕಪಟ್ಟಿಯನ್ನು ಇಲ್ಲಿಯೇ ಬಿಟ್ಟುಹೋಗಿ ಎಂಬ ಒತ್ತಾಯ, ಡಿಪ್ಲೊಮಾವನ್ನು ಪದವಿಯ ಜೊತೆ ಸೇರಿಸಿ ಒಂದೇ ಶುಲ್ಕ ಹೇಳುವುದು, ಗಲ್ಫ್‌ನಲ್ಲಿ ಕೆಲಸ ಖಚಿತ ಎಂಬ ಮಾತು. ಕೊನೆಯದು ನಮ್ಮ ಜಿಲ್ಲೆಯಲ್ಲಿ ಬೇಗ ನಾಟುವುದರಿಂದಲೇ ಅದನ್ನು ಹೇಳುತ್ತಾರೆ.

ದೂರಶಿಕ್ಷಣದಲ್ಲಿ ಓದುವವರಿಗೆ ಒಂದು ಮಾತು ಸಾಕು. ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳಿಗೆ ದೂರಶಿಕ್ಷಣದಲ್ಲಿ ಭೌಗೋಳಿಕ ವ್ಯಾಪ್ತಿಯ ಮಿತಿಯಿದೆ. ಪಕ್ಕದ ರಾಜ್ಯದ ಸಂಸ್ಥೆಯ ಅಧ್ಯಯನ ಕೇಂದ್ರ ನಮ್ಮ ಪೇಟೆಯಲ್ಲಿದೆ ಎಂದು ಯಾರಾದರೂ ಹೇಳಿದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ವಿಭಾಗದ ಪಟ್ಟಿಯನ್ನು ನೋಡದೆ ಹಣ ಕೊಡಬೇಡಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ದೇಶವ್ಯಾಪಿಯಾದುದರಿಂದ ಅಲ್ಲಿ ಆ ಚಿಂತೆಯಿಲ್ಲ.

ಹಂತ 6: ಅಲೋಟ್‌ಮೆಂಟಿನ ದಿನಗಳು

ಕರ್ನಾಟಕದ ಪಿಯುಸಿ ಫಲಿತಾಂಶ ಸಾಮಾನ್ಯವಾಗಿ ಕೇರಳದ ಪ್ಲಸ್ ಟು ಫಲಿತಾಂಶಕ್ಕಿಂತ ಮೊದಲೇ ಬರುತ್ತದೆ. ಮಂಗಳೂರಿನ ಕಾಲೇಜುಗಳು ಆಗಲೇ ಪ್ರವೇಶ ಆರಂಭಿಸಿರುತ್ತವೆ. ಸೀಟು ಮುಗಿದೀತೆಂಬ ಹೆದರಿಕೆಯಲ್ಲಿ ನಮ್ಮವರು ಅಲ್ಲಿ ಹಣ ಕಟ್ಟಿ, ವರ್ಗಾವಣೆ ಪತ್ರ ಕೊಟ್ಟು, ಒಂದೂವರೆ ತಿಂಗಳ ಬಳಿಕ ಕೇರಳದಲ್ಲಿ ಸೀಟು ಸಿಕ್ಕಿದಾಗ ಎರಡು ದೋಣಿಯಲ್ಲಿ ಕಾಲಿಟ್ಟವರಂತಾಗುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹುಡುಗಿಯೊಬ್ಬಳ ಮೂಲ ದಾಖಲೆಗಳನ್ನು ಬಿಡಿಸಿಕೊಳ್ಳಲು ನಾನೇ ನಾಲ್ಕು ಸಲ ತಲಪಾಡಿ ದಾಟಿದ್ದೇನೆ.

ಹಾಗಾಗದಿರಲು ತಿಳಿದಿರಬೇಕಾದದ್ದು ಯುಜಿಸಿಯ 2018ರ ಅಧಿಸೂಚನೆ. ಅದರ ಪ್ರಕಾರ ವಿದ್ಯಾಸಂಸ್ಥೆಗಳು ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಹಿಂದೆಗೆದರೆ, ಸಣ್ಣ ಸಂಸ್ಕರಣಾ ವೆಚ್ಚವನ್ನು ಬಿಟ್ಟು ಶುಲ್ಕ ಪೂರ್ತಿ ಮರಳಬೇಕು. ಕೊನೆಯ ದಿನ ಕಳೆದು 15ರಿಂದ 30 ದಿನಗಳೊಳಗಾದರೆ ಅರ್ಧ. 30 ದಿನ ದಾಟಿದರೆ ಏನೂ ಇಲ್ಲ. ಹಿಂದೆಗೆಯುವ ಅರ್ಜಿಯನ್ನು ಬಾಯಿಮಾತಿನಲ್ಲಿ ಹೇಳದೆ ಬರೆದು ಕೊಟ್ಟು, ಇನ್ನೊಂದು ಪ್ರತಿಯಲ್ಲಿ ದಿನಾಂಕದ ಮೊಹರು ಹಾಕಿಸಿಕೊಳ್ಳಿ.

ಕೇರಳದ ಏಕಗವಾಕ್ಷಿಯಲ್ಲಿ ಎರಡು ಸೂಕ್ಷ್ಮಗಳಿವೆ. ಅಲೋಟ್‌ಮೆಂಟ್ ಸಿಕ್ಕಿದ ಕೂಡಲೇ ನಿಗದಿತ ದಿನದೊಳಗೆ ಪ್ರವೇಶ ಶುಲ್ಕ ಕಟ್ಟದಿದ್ದರೆ ಆ ಸೀಟು ಹೋಗುತ್ತದೆ, ಮುಂದಿನ ಸುತ್ತಿನಿಂದಲೂ ಹೊರಗುಳಿಯಬೇಕಾಗಬಹುದು. ಸಿಕ್ಕಿದ ಸೀಟಿನಲ್ಲಿ ತೃಪ್ತಿಯಿದ್ದರೆ ಉಳಿದ ಮೇಲಿನ ಆಯ್ಕೆಗಳನ್ನು ರದ್ದುಪಡಿಸಬೇಕು. ಹಾಗೆ ಮಾಡದಿದ್ದರೆ ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ತಾನಾಗಿಯೇ ಬಂದು, ಈಗಿನ ಸೀಟು ಕೈತಪ್ಪುತ್ತದೆ.

ಹಂತ 7: ಮೊದಲ ಸೆಮಿಸ್ಟರಿನ ಭಾಷೆ

ಪುಸ್ತಕ ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿ, ಅಧ್ಯಾಪಕರ ವಿವರಣೆ ಚಂದ್ರಗಿರಿ ಹೊಳೆಯಿಂದ ತೆಂಕಕ್ಕೆ ಹೋದಷ್ಟೂ ಮಲಯಾಳದಲ್ಲಿ, ವಿದ್ಯಾರ್ಥಿಯ ಯೋಚನೆ ಕನ್ನಡ ಅಥವಾ ತುಳುವಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರಿನಲ್ಲಿ ಅಂಕ ಕಳೆದುಕೊಳ್ಳುವುದು ಬುದ್ಧಿ ಸಾಲದೆ ಅಲ್ಲ, ಈ ಮೂರು ಮೆಟ್ಟಿಲುಗಳ ನಡುವೆ ಎಡವಿ.

ಇದಕ್ಕೆ ನಾನು ಹೇಳುವ ಉಪಾಯ ಮೂರು ಅಂಕಣದ ಪದಪುಸ್ತಕ. ಇಂಗ್ಲಿಷ್ ಪದ, ತರಗತಿಯಲ್ಲಿ ಕೇಳಿದ ಮಲಯಾಳ ಪದ, ತಮಗೆ ತಿಳಿಯುವ ಕನ್ನಡ ವಿವರಣೆ. ಅಧ್ಯಾಪಕರು ವರವು-ಚೆಲವು ಎಂದಾಗ ನಮ್ಮ ಅಂಗಡಿಯ ಜಮಾ-ಖರ್ಚು ಎಂದು ಬರೆದುಕೊಂಡರೆ ಬೆಚ್ಚಬೇಕಾದದ್ದು ಅದರಲ್ಲಿ ಏನೂ ಇಲ್ಲವೆಂದು ತಿಳಿಯುತ್ತದೆ. ದಿನಕ್ಕೆ ಹತ್ತು ಪದ ಸಾಕು. ವಾರದ ಕೊನೆಗೆ ಒಂದು ಪ್ರಶ್ನೆಗೆ ಇಂಗ್ಲಿಷಿನಲ್ಲಿ ಒಂದು ಪುಟ ಉತ್ತರವನ್ನು ಪುಸ್ತಕ ನೋಡದೆ ಬರೆದು ಅಧ್ಯಾಪಕರಿಗೆ ತೋರಿಸಬೇಕು. ಗೈಡ್ ಪುಸ್ತಕದ ಉತ್ತರವನ್ನು ಬಾಯಿಪಾಠ ಮಾಡುವವರು ಪ್ರಶ್ನೆ ಸ್ವಲ್ಪ ತಿರುಗಿಸಿ ಬಂದ ಕೂಡಲೇ ಸಿಕ್ಕಿಬೀಳುತ್ತಾರೆ.

ಹಂತ 8: ಲೆಕ್ಕಕ್ಕೆ ಹೆದರದಿರುವುದು

ಟೂರಿಸಂ ಎಂದರೆ ಊರು ಸುತ್ತುವುದು ಎಂದುಕೊಂಡು ಬಂದವರು ಬೇಸರಪಡುವುದು ಪ್ರವಾಸದ ವೆಚ್ಚ ಲೆಕ್ಕ ಹಾಕುವ ಪಾಠದಲ್ಲಿ. ಈ ಪಾಠ ಬಾರದಿದ್ದರೆ ಉಳಿದದ್ದು ಬಂದೂ ಪ್ರಯೋಜನ ಕಡಿಮೆ. ಒಂದು ಉದಾಹರಣೆಯನ್ನು ಪೆನ್ಸಿಲ್ ಹಿಡಿದು ಮಾಡಿ ನೋಡಿ. ಅಂಕಿಗಳು ಅಭ್ಯಾಸಕ್ಕಾಗಿ ನಾನು ಹಾಕಿಕೊಂಡವು.

ಕಾಸರಗೋಡಿನಿಂದ ಅನಂತಪುರ, ಪೊಸಡಿಗುಂಪೆ, ಬೇಕಲ ಕೋಟೆಗೆ ಒಂದು ದಿನದ ಪ್ರವಾಸ. ಮಿನಿ ಬಸ್ಸಿಗೆ 9,000 ರೂಪಾಯಿ, ಮಾರ್ಗದರ್ಶಿಗೆ 1,500. ಎಷ್ಟು ಜನ ಬಂದರೂ ಈ 10,500 ರೂಪಾಯಿ ಬದಲಾಗುವುದಿಲ್ಲ. ಇದು ಸ್ಥಿರ ವೆಚ್ಚ. ಊಟ, ಚಹಾ, ಪ್ರವೇಶ ಟಿಕೆಟು ಸೇರಿ ತಲೆಗೆ 300 ರೂಪಾಯಿ. ಇದು ಬದಲಾಗುವ ವೆಚ್ಚ. ಬಹುಪಾಲು ವಿದ್ಯಾರ್ಥಿಗಳು 20 ಜನ ಬರುತ್ತಾರೆಂದು ಎಣಿಸಿ, 10,500ನ್ನು 20ರಿಂದ ಭಾಗಿಸಿ 525, ಅದಕ್ಕೆ 300 ಸೇರಿಸಿ 825, ಲಾಭಕ್ಕೆ 125 ಇಟ್ಟು 950 ರೂಪಾಯಿ ಎಂದು ಬರೆದು ಪುಟ ಮಗುಚುತ್ತಾರೆ.

ಆದರೆ 14 ಜನ ಮಾತ್ರ ಬಂದರೆ? ಒಬ್ಬರಿಂದ ಬರುವ 950ರಲ್ಲಿ 300 ಊಟ-ಟಿಕೆಟಿಗೆ ಹೋಗಿ 650 ಉಳಿಯುತ್ತದೆ. 14 ಜನರಿಂದ 9,100. ಸ್ಥಿರ ವೆಚ್ಚ 10,500 ಇರುವುದರಿಂದ 1,400 ರೂಪಾಯಿ ನಷ್ಟ. 10,500ನ್ನು 650ರಿಂದ ಭಾಗಿಸಿದರೆ 16ಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ 17 ಜನ ಬಂದರೆ ಮಾತ್ರ ಕೈಕಚ್ಚುವುದಿಲ್ಲ. ಈಗ ಚಾಲಕನ ಬಾಟಾ (ದಿನಭತ್ಯೆ) ಮತ್ತು ಪಾರ್ಕಿಂಗ್ ಮರೆತದ್ದು ನೆನಪಾಗುತ್ತದೆ: 600. ತಂಡದ ಜೊತೆ ಬರುವ ಅಧ್ಯಾಪಕರಿಗೆ ಉಚಿತವೆಂದು ಮಾತು ಕೊಟ್ಟಿದ್ದೀರಿ: ಅವರ ಊಟ-ಟಿಕೆಟಿನ 300 ನಿಮ್ಮ ತಲೆಗೆ. ಸ್ಥಿರ ವೆಚ್ಚ 11,400 ಆಯಿತು. ಹಣ ಕೊಟ್ಟು ಬರುವವರು 18 ಜನ ಬೇಕು. ಬುಕಿಂಗ್ ಮುಚ್ಚುವ ದಿನಾಂಕ, ಕನಿಷ್ಠ ಸಂಖ್ಯೆ, ರದ್ದತಿಯ ನಿಯಮ ಇವೆಲ್ಲ ಏಕೆ ಬೇಕು ಎಂಬುದಕ್ಕೆ ಬೇರೆ ಪಾಠವೇ ಬೇಕಿಲ್ಲ. ಇಂಥ ಲೆಕ್ಕವನ್ನು ವಾರಕ್ಕೊಂದು, ಬೇರೆ ಬೇರೆ ಮಾರ್ಗಗಳಿಗೆ, ನಿಜವಾದ ಬಾಡಿಗೆ ವಿಚಾರಿಸಿ ಮಾಡಬೇಕು.

ಹಂತ 9: ಕ್ಷೇತ್ರ ವರದಿ

ಪ್ರಾಜೆಕ್ಟಿಗೆ ವಿಷಯ ಆರಿಸುವಾಗ ಪ್ರತಿ ತಂಡದಲ್ಲಿಯೂ ಒಬ್ಬರಾದರೂ "ಬೇಕಲದ ಪ್ರವಾಸೋದ್ಯಮ: ಸಮಸ್ಯೆಗಳು ಮತ್ತು ಸಾಧ್ಯತೆಗಳು" ಎಂದು ಬರೆದು ತರುತ್ತಾರೆ. ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಲಾಯಿತು, 1995ರಲ್ಲಿ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು ಎಂದು ಆರಂಭಿಸಿ, ಶೌಚಾಲಯ ಬೇಕು ಎಂದು ಮುಗಿಯುವ ಆ ವರದಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಪ್ರಶ್ನೆಯನ್ನು ಚಿಕ್ಕದು ಮಾಡಿ. ಬೇಕಲ ಫೋರ್ಟ್ ನಿಲ್ದಾಣದಲ್ಲಿ ರೈಲಿನಿಂದ ಇಳಿದವರು ಕೋಟೆಗೆ ಹೇಗೆ ಹೋಗುತ್ತಾರೆ, ಅದಕ್ಕೆ ಎಷ್ಟು ಖರ್ಚು ಮಾಡುತ್ತಾರೆ? ಅನಂತಪುರದ ಸರೋವರ ಕ್ಷೇತ್ರದಲ್ಲಿ 2022ರ ಅಕ್ಟೋಬರಿನಲ್ಲಿ ಅಲ್ಲಿನ ಸರೋವರದಲ್ಲಿದ್ದ ಬಬಿಯಾ ಎಂಬ ಮೊಸಳೆ ತೀರಿಕೊಂಡ ಮೇಲೆ ಎದುರಿನ ಅಂಗಡಿಗಳ ವ್ಯಾಪಾರ ಬದಲಾಯಿತೇ? ರಾಣಿಪುರ ಬೆಟ್ಟಕ್ಕೆ ಬಂದವರು ಅಲ್ಲಿ ರಾತ್ರಿ ಉಳಿಯುತ್ತಾರೆಯೇ, ಕಾಞಂಗಾಡಿಗೆ ಇಳಿದುಹೋಗುತ್ತಾರೆಯೇ? ಇಂಥ ಪ್ರಶ್ನೆಗೆ ಮೂರು ವಾರಾಂತ್ಯ ನಿಂತು ಅರುವತ್ತು ಮಂದಿಯನ್ನು ಮಾತನಾಡಿಸಿದರೆ ಉತ್ತರ ಸಿಗುತ್ತದೆ. ಪ್ರಶ್ನಾವಳಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲಿಯೂ ಇರಲಿ. ತುಳುವಿನಲ್ಲಿ ಬಾಯಿಮಾತಿನಲ್ಲಿ ಕೇಳಬಹುದು. ನಮ್ಮ ಮಕ್ಕಳಿಗೆ ಇಲ್ಲಿ ಇರುವ ಅನುಕೂಲ ಎರ್ನಾಕುಳದವರಿಗಿಲ್ಲ.

ತೆಯ್ಯಂ ಅಥವಾ ಭೂತಕೋಲದ ಮೇಲೆ ಬರೆಯುವವರು ಮನೆತನದ ಯಾ ಸ್ಥಾನದ ಹಿರಿಯರ ಒಪ್ಪಿಗೆಯಿಲ್ಲದೆ ಚಿತ್ರ ತೆಗೆಯಬಾರದು. ಅದನ್ನು ಪ್ರವಾಸಿ ಆಕರ್ಷಣೆ ಎಂದು ವರದಿಯಲ್ಲಿ ಬರೆಯುವ ಮೊದಲು, ನಡೆಸುವವರು ಅದನ್ನು ಹಾಗೆ ಕರೆಯುತ್ತಾರೆಯೇ ಎಂದು ಕೇಳುವುದು ಅಧ್ಯಯನದ ಭಾಗವೇ ಆಗಿದೆ. ಸರಕಾರಿ ಕಚೇರಿಗಳ ಅಂಕಿ ಬೇಕಾದವರು ವಿಭಾಗ ಮುಖ್ಯಸ್ಥರ ಪತ್ರದೊಂದಿಗೆ ಹೋಗಬೇಕು. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನಗಳ ಅವಧಿ ಇರುವುದರಿಂದ, ವರದಿ ಒಪ್ಪಿಸುವ ತಿಂಗಳಲ್ಲಿ ಅರ್ಜಿ ಹಾಕಿ ಫಲವಿಲ್ಲ.

ಹಂತ 10: ಇಂಟರ್ನ್‌ಶಿಪ್

ಕಾಲೇಜು ಕಳುಹಿಸಿದಲ್ಲಿಗೆ ಹೋಗುವುದು ಸುಲಭ. ಆದರೂ ಒಂದು ಸೆಮಿಸ್ಟರ್ ಮೊದಲೇ ಸ್ವತಃ ಐದು ಕಡೆ ಪತ್ರ ಬರೆದು ಕೇಳುವುದು ಉತ್ತಮ. ಕಾಸರಗೋಡಿನ ಟ್ರಾವೆಲ್ ಏಜೆನ್ಸಿಗಳಲ್ಲಿ ಗಲ್ಫ್ ಟಿಕೆಟಿನ ವ್ಯವಹಾರ ಹೆಚ್ಚು. ಟಿಕೆಟಿಂಗ್ ಕಲಿಯಲು ಅದು ಒಳ್ಳೆಯ ಗರಡಿ. ವಿಮಾನ ನಿಲ್ದಾಣದ ಕೆಲಸದಲ್ಲಿ ಆಸಕ್ತಿಯಿದ್ದವರಿಗೆ ಬಡಗಿನಲ್ಲಿ ಮಂಗಳೂರು, ತೆಂಕಿನಲ್ಲಿ 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣವಿದೆ. ಗ್ರಾಮೀಣ ಪ್ರವಾಸೋದ್ಯಮದತ್ತ ಒಲವಿದ್ದವರು ಕೇರಳದ ಜವಾಬ್ದಾರಿ ಪ್ರವಾಸೋದ್ಯಮ ಮಿಷನ್‌ನ ಕೆಲಸಗಳನ್ನು ವಿಚಾರಿಸಬಹುದು.

ಸೇರುವ ಮೊದಲೇ ಅವಧಿ, ಕೆಲಸದ ವಿಭಾಗ, ಮೇಲ್ವಿಚಾರಕರ ಹೆಸರು ಇವು ಮೂರನ್ನು ಪತ್ರದಲ್ಲಿ ಬರೆಯಿಸಿಕೊಳ್ಳಿ. ಎರಡು ವಾರ ಕಳೆದರೂ ಪಾಸ್‌ಪೋರ್ಟ್ ನೆರಳಚ್ಚು ತೆಗೆಯುವುದು ಮತ್ತು ಚಹಾ ತರುವುದು ಬಿಟ್ಟು ಬೇರೆ ಕೆಲಸ ಸಿಗದಿದ್ದರೆ, ಅದನ್ನು ವಿಭಾಗದ ಅಧ್ಯಾಪಕರಿಗೆ ಆಗಲೇ ತಿಳಿಸಬೇಕು, ಮುಗಿದ ಮೇಲೆ ಅಲ್ಲ. ಪ್ರತಿ ಸಂಜೆ ಆ ದಿನ ಮಾಡಿದ ಕೆಲಸವನ್ನು ನಾಲ್ಕು ಸಾಲಿನಲ್ಲಿ ದಿನಚರಿಗೆ ಬರೆದು, ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳಿ. ಕೊನೆಯ ದಿನ ಎಲ್ಲ ಪುಟಗಳಿಗೂ ಒಟ್ಟಿಗೆ ಸಹಿ ಹಾಕಿಸಿದ ದಿನಚರಿ ಯಾವುದು ಎಂಬುದು ಮೌಖಿಕ ಪರೀಕ್ಷೆಗೆ ಬಂದವರಿಗೆ ಶಾಯಿಯ ಬಣ್ಣದಿಂದಲೇ ಗೊತ್ತಾಗುತ್ತದೆ.